ಮೂರು ಕೆಮ್ಮು, ಒಂದು ಚಿಲಕ

ನಮ್ಮ ಭಾವನವರು ಸಂಡಾಸಕ್ಕೆ ಹೊರಟರೆ ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತಿತ್ತು. ಬೆಳಗಿನ ಐದೂ ಇಪ್ಪತ್ತಕ್ಕೆ ಮೊದಲು ಮೂರು ಸಲ ಕೆಮ್ಮುತ್ತಿದ್ದರು. ಅದು ಕಫದ ಕೆಮ್ಮಲ್ಲ. ಸಾಹೇಬರು ಬಂದರು, ಎದ್ದು ನಿಲ್ಲಿರಿ ಅನ್ನುವ ಕೆಮ್ಮು. ಆಮೇಲೆ ಬಾಗಿಲು ಮುಚ್ಚಿ ಕಬ್ಬಿಣದ ಚಿಲಕವನ್ನು ಠಣ್ಣನೆ ಜಡಿಯುತ್ತಿದ್ದರು. ಕೈಯಲ್ಲಿ ನಿನ್ನೆಯ ಪೇಪರು, ಮೂಗಿನ ಮೇಲೆ ಚಾಳೀಸು, ಜೇಬಿನಲ್ಲಿ ಸಣ್ಣ ರೇಡಿಯೋ. ಒಳಗೆ ಹೋದರೆಂದರೆ ಆರು ಗಂಟೆಯ ತನಕ ಹೊರಗೆ ಬರುವ ಮಾತಿಲ್ಲ.

ನಮ್ಮ ಮನೆಗೆ ಸಂಡಾಸ ಒಂದೇ, ಬಚ್ಚಲೂ ಅದರೊಳಗೇ. ಆ ನಲವತ್ತು ನಿಮಿಷ ನನಗೆ ಸ್ನಾನವಿಲ್ಲ. ಸ್ನಾನವಿಲ್ಲ ಅಂದಮೇಲೆ ಬಾಗಿಲಿಗೆ ರಂಗೋಲಿಯಿಲ್ಲ, ದೇವರಿಗೆ ದೀಪವಿಲ್ಲ. ಅಡಿಗೆಮನೆಯ ಕಟ್ಟೆಗೆ ಆತು ನಿಂತು ಅವರ ರೇಡಿಯೋದ ಬಾತಮಿ ಕೇಳುತ್ತಿದ್ದೆ. ನಿಲ್ಲಲಿಕ್ಕೆ ಗಟ್ಟಿ ಮೊಣಕಾಲನ್ನಾದರೂ ವಿಠ್ಠಲ ಕೊಟ್ಟಿದ್ದಾನೆ, ಅಷ್ಟು ದಯೆ ಅವನದು.

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಹೆಂಡತಿ ತೀರಿ ಭಾಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚಾಕಣದಲ್ಲಿ ಗಾಡಿಯ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ ಅವರದು. ಮಾಲು ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ. ರಿಟೈರಾದ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಪುಣೆಯ ಕಾತ್ರಜದ ನಮ್ಮ ತಳಮಜಲಿನ ಮನೆಗೆ ಬಂದರು. ಒಂದು ತಿಂಗಳು ಇದ್ದು ಹೋಗತೇನಿ ಅಂದವರು ಆರು ವರ್ಷ ಇದ್ದರು. ಟ್ರಂಕಿನೊಳಗೆ ಎರಡು ಜೊತೆ ಬಟ್ಟೆ, ಉಳಿದದ್ದೆಲ್ಲ ಕೆಂಪು ಚೀಟಿಯ ಕಟ್ಟು. ಹಸಿರು ಚೀಟಿ ಒಂದೂ ತಂದಿರಲಿಲ್ಲ.

ಆ ಚೀಟಿಗಳನ್ನು ಮನೆಯೊಳಗೆ ಅಂಟಿಸಲಿಕ್ಕೆ ಹತ್ತಿದರು. ಸದ್ದು ಮಾಡುವ ಮಿಕ್ಸರಿಗೆ ಒಂದು, ಸಡಿಲಾದ ಬಟ್ಟೆ ಹಗ್ಗಕ್ಕೆ ಒಂದು. ಒಮ್ಮೆ ನನ್ನ ರೊಟ್ಟಿಯ ಡಬ್ಬಿಯ ಮೇಲೂ ಒಂದಿತ್ತು, ಅಂಚು ದಪ್ಪ ಅಂತ ಬರೆದಿದ್ದರು. ಮಿಕ್ಸರು ರಿಪೇರಿಗೆ ಒಯ್ದವಳು ನಾನು, ಹಗ್ಗ ಬಿಗಿದವಳೂ ನಾನು. ತಾವು ಕುಡಿದ ಚಹಾದ ಕಪ್ಪನ್ನು ಅವರು ಇದ್ದಲ್ಲಿಂದ ಒಂದು ಗೇಣು ಸರಿಸಿದ್ದನ್ನು ನಾನು ಕಂಡಿಲ್ಲ. ತಪ್ಪು ಹುಡುಕುವುದೇ ಕೆಲಸ ಅಂತ ತಿಳಿದ ಮನುಷ್ಯ.

ನನ್ನನ್ನು ನೋಡಲಿಕ್ಕೆ ಬಂದಾಗಲೂ ಇವರೇ ಮುಂದೆ ಕೂತಿದ್ದರು. ನಮ್ಮಪ್ಪ ಕೈಮುಗಿದು ಹುಡುಗಿ ಹೆಂಗ ಅನಸತಾಳ್ರಿ ಅಂತ ಕೇಳಿದರು. ಇವರು ಅವಲಕ್ಕಿ ಅಗಿಯುತ್ತ, "ನಡೀತದ. ಸ್ವಲ್ಪ ರಿವರ್ಕ್ ಬೇಕಾಗತದ" ಅಂದರು. ಒಳಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಆ ಮಾತಿನ ಅರ್ಥ ಆಗ ತಿಳಿಯಲಿಲ್ಲ. ಮದುವೆಯಾದ ಮೇಲೆ ಯಜಮಾನರನ್ನು ಕೇಳಿ ತಿಳಕೊಂಡೆ: ಕೆಟ್ಟ ಮಾಲನ್ನು ಮತ್ತೆ ತಿದ್ದಿ ಸರಿಮಾಡುವುದಂತೆ.

ಇಂಥವರು ಒಂದು ಮಳೆಗಾಲದ ಸಂಜೆ ಕೈಚೀಲದೊಳಗೆ ನಾಯಿಮರಿ ಹಾಕಿಕೊಂಡು ಬಂದರು. ಕಾತ್ರಜದಲ್ಲಿ ಕರ್ನಾಟಕದ ಬಸ್ಸು ನಿಲ್ಲುವ ಕಡೆ ಪಂಕ್ಚರ್ ತೆಗೆಯುವ ಅಂಗಡಿಯೊಂದಿದೆ. ಅದರ ಹಳೆ ಟೈರುಗಳ ನಡುವೆ ನಾಯಿಯೊಂದು ಮೂರು ಮರಿ ಹಾಕಿತ್ತಂತೆ. ಅವುಗಳಲ್ಲಿ ಎರಡು ಮರಿ ಬಸ್ಸಿನ ಗಾಲಿಗೆ ಸಿಕ್ಕಿದ್ದವು. ಉಳಿದ ಒಂದನ್ನು ಇವರು ಎತ್ತಿಕೊಂಡು ಬಂದಿದ್ದರು. ಈ ಮನುಷ್ಯನ ಎದೆಯೊಳಗೂ ದೇವರು ಸ್ವಲ್ಪ ಹಸಿ ಇಟ್ಟಿದ್ದಾನಲ್ಲ ಅಂತ ಕೈಮುಗಿದೆ. ಮುಗಿದ ಕೈಗೇ ಚೀಲ ಕೊಟ್ಟರು.

"ಟ್ರೇನಿ ಬಂದದ. ನೀ ನೋಡ್ಕೋ, ಸುಧಾ."

ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗರಿಗೆ ಟ್ರೇನಿ ಅನ್ನುತ್ತಾರಂತೆ. ಕೆಲಸ ಕಾಯಂ ಆಗುವ ತನಕ ಇದಕ್ಕೂ ಬೇರೆ ಹೆಸರಿಲ್ಲ ಅಂದರು. ನಾನು ಅವರಿಲ್ಲದಾಗ ಗುಂಡ್ಯಾ ಅಂತ ಕರೆದೆ, ಅದು ಬಾಲ ಅಲ್ಲಾಡಿಸಿತು.

ಮರುದಿನ ಗೋಡೆಗೆ ಸಂಡಾಸದ ಟೈಮ್‌ಟೇಬಲ್ ಬಂತು. ಟ್ರೇನಿಗೆ ಐದು ಗಂಟೆ, ಹಿತ್ತಲಲ್ಲಿ. ತಮಗೆ ಐದೂ ಇಪ್ಪತ್ತು. ತಮ್ಮನಿಗೆ, ಅಂದರೆ ನನ್ನ ಯಜಮಾನರಿಗೆ, ಆರು. ಅವರು ಹಡಪಸರಕ್ಕೆ ಡ್ಯೂಟಿಗೆ ಹೋಗಬೇಕು. ಕೊನೆಯ ಸಾಲಿನಲ್ಲಿ ನನ್ನ ಹೆಸರು, ಅದರ ಮುಂದೆ 'ಉಳಿದ ವೇಳೆ' ಅಂತ ಇತ್ತು.

ನಾನು ನಾಯಿ ಸಾಕಿದ ಮನೆಯವಳಲ್ಲ. ತವರಿನಲ್ಲಿ ನಾಯಿ ಹೊಸ್ತಿಲು ದಾಟಿದ್ದಿಲ್ಲ. ಸ್ನಾನವಾದ ಮೇಲೆ ಅದನ್ನು ಮುಟ್ಟಿದರೆ ನಾನು ಮತ್ತೆ ಸ್ನಾನ ಮಾಡಬೇಕು. ಹಾಗಾಗಿ ಮರಿಯ ಕೆಲಸವೆಲ್ಲ ನನ್ನ ಸ್ನಾನದ ಮೊದಲೇ ಮುಗಿಯಬೇಕು. ಐದಕ್ಕೆ ಎತ್ತಿಕೊಂಡು ಹೋಗಿ ಹಿತ್ತಲಿನ ಹೊಂಗೆಮರದ ಕೆಳಗೆ ಬಿಡುತ್ತಿದ್ದೆ. ಅದು ನಿಂತಲ್ಲೇ ತೂಕಡಿಸುತ್ತಿತ್ತು, ಇಲ್ಲ ನನ್ನ ಸೆರಗು ಕಚ್ಚಿ ಎಳೆಯುತ್ತಿತ್ತು. ಒಳಗೆ ತಂದು ಗೋಣಿತಟ್ಟಿನ ಮೇಲೆ ಮಲಗಿಸಿದರೆ ಸ್ವಲ್ಪ ಹೊತ್ತಿಗೆ ಸಂಡಾಸದ ಬಾಗಿಲ ಮುಂದೆ ಕೆರೆ. ಆರಕ್ಕೆ ಹೊರಗೆ ಬಂದ ಭಾವನವರು ಧೋತರ ಎತ್ತಿ ಹಿಡಿದು ಅದನ್ನು ದಾಟುತ್ತಿದ್ದರು. "ಶಿಸ್ತಿಲ್ಲ" ಅನ್ನುತ್ತಿದ್ದರು, ನಾಯಿಗೋ ನನಗೋ ಗೊತ್ತಿಲ್ಲ. ನಾನು ಫಿನೈಲು ಹಾಕಿ ಒರೆಸುತ್ತಿದ್ದೆ.

ಹತ್ತನೆಯ ದಿನ ಆ ಕೆರೆ ಅವರ ಚಪ್ಪಲಿಯ ತನಕ ಹರಿಯಿತು. ಅವತ್ತು ಒಂದು ಕೆಂಪು ಚೀಟಿಗೆ ದಾರ ಕಟ್ಟಿ ಮರಿಯ ಕೊರಳಿಗೆ ಹಾಕಿದರು.

"ಐದು ದಿನ ಕೊಡ್ತೀನಿ. ಐದೂ ದಿನ ಹೊರಗ ಮಾಡ್ತು ಅಂದ್ರ ಇರ್ಲಿ. ಒಂದು ದಿನ ತಪ್ಪಿದ್ರೂ ಎಲ್ಲಿಂದ ತಂದೇನೋ ಅಲ್ಲೇ ಬಿಟ್ಟು ಬರ್ತೀನಿ."

ಅಲ್ಲಿ ಅಂದರೆ ಬಸ್ಸಿನ ಗಾಲಿ. ಯಜಮಾನರ ಮುಖ ನೋಡಿದೆ. ಅಣ್ಣ ಹೇಳಿದ ಮೇಲೆ ಮುಗೀತು ಅಂತ ಅವರು ಡಬ್ಬಿ ಎತ್ತಿಕೊಂಡು ಹೋದರು. ಮರಿ ಚೀಟಿಯನ್ನು ಕಚ್ಚಲು ಹೋಗಿ ಸುತ್ತ ಸುತ್ತ ತಿರುಗುತ್ತಿತ್ತು. ಅದರ ಮೇಲಿನ 'ರಿಜೆಕ್ಟ್' ಅನ್ನುವ ಅಕ್ಷರವನ್ನು ಭಾಳ ಹೊತ್ತು ನೋಡುತ್ತ ಕೂತೆ. ಈ ಮರಿ ಇಲ್ಲಿಂದ ಹೋಗಬಾರದು ಅಂತ ಅವತ್ತು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ದೀಪ ಹಚ್ಚಿದ್ದಕ್ಕೇ ಕಣ್ಣು ತೆರೆಯಿತು ಅಂತೀನಿ. ಮರುದಿನ ಬೆಳಿಗ್ಗೆ ಕಟ್ಟೆಗೆ ಆತು ನಿಂತು ಮರಿಯನ್ನೇ ನೋಡುತ್ತಿದ್ದೆ. ಐದೂ ಇಪ್ಪತ್ತಾಯಿತು. ಭಾವನವರು ಕೆಮ್ಮಿದರು, ಮರಿಯ ಕಿವಿ ನಿಮಿರಿತು. ಚಿಲಕ ಠಣ್ಣೆಂದಿತು, ಮರಿ ಬೆಚ್ಚಿ ಎದ್ದು ಸಂಡಾಸದ ಬಾಗಿಲ ಕಡೆ ಓಡಿತು. ಅದಕ್ಕೆ ಪೂರ್ತಿ ಎಚ್ಚರವಾಗುವುದೇ ಆ ಸದ್ದಿಗೆ. ಎಚ್ಚರಾದ ಕೂಡಲೇ ಉಚ್ಚೆ; ತೊಟ್ಟಿಲ ಮಕ್ಕಳೂ ಹಾಗೇ ಅಲ್ಲವೇ? ಓಡಿಹೋಗಿ ಕೂಡುವಷ್ಟರಲ್ಲಿ ಎತ್ತಿಕೊಂಡು ಹಿತ್ತಲಿಗೆ ಜಿಗಿದೆ. ಹೊಂಗೆಮರದ ಕೆಳಗೆ ಬಿಟ್ಟ ಕೂಡಲೇ ಮಾಡಿತು. ಮಳೆಯಲ್ಲಿ ನಿಂತು ಪುಂಡಲೀಕ ವರದಾ ಅಂದೆ.

ಆಮೇಲೆ ಐದೂ ಹದಿನೈದಕ್ಕೇ ಮರಿಯನ್ನು ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಲ್ಲುವುದು. ಮೂರು ಕೆಮ್ಮು, ಒಂದು ಚಿಲಕ, ಮರಿಯನ್ನು ಕೆಳಗೆ ಬಿಡುವುದು. ಆ ಮೊದಲ ದಿನವೂ ಸೇರಿ ನಾಲ್ಕು ದಿನ ಒಂದೂ ತಪ್ಪಲಿಲ್ಲ. ಆರಕ್ಕೆ ಹೊರಗೆ ಬಂದವರು ಎಷ್ಟಕ್ಕ ಅಂತ ಕೇಳುವರು. ಐದೂ ಇಪ್ಪತ್ತೊಂದಕ್ಕ್ರಿ ಅಂತ ನಾನು. ಅವರಿಗೆ ಸಂತೋಷವಿಲ್ಲ. ಟೈಮ್‌ಟೇಬಲಿನಲ್ಲಿ ಐದು ಅಂತ ಇದೆ, ಇದು ಲೇಟು. ಮೇಲಾಗಿ ಬರೇ ನನ್ನ ಮಾತಿನ ಮೇಲೆ ಪಾಸು ಮಾಡಲಿಕ್ಕೆ ಬರುವುದಿಲ್ಲ ಅಂದರು. ಐದನೆಯ ದಿನ ತಾವೇ ಕೂತು ನೋಡುತ್ತಾರಂತೆ, ಟ್ರೇನಿಯದು ಮುಗಿದ ಮೇಲೆಯೇ ತಮ್ಮದಂತೆ.

ನೀವು ಸಂಡಾಸಕ್ಕೆ ಹೋಗದೆ ಅದು ಮಾಡುವುದಿಲ್ಲ ಅಂತ ಹೇಗೆ ಹೇಳಲಿ? ನಾನು ಅವರ ತಮ್ಮನ ಹೆಂಡತಿ. ಮದುವೆಯಾದಾಗಿನಿಂದ ಅವರ ಮುಂದೆ ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ. ಅವರ ಊಟದ ಮಾತನ್ನೇ ಬಾಗಿಲ ಮರೆಯಿಂದ ಕೇಳುತ್ತಿದ್ದವಳು ಅವರ ಸಂಡಾಸದ ಮಾತು ಎತ್ತುವುದೆಂದರೆ ನಾಲಿಗೆ ಬೀಳುತ್ತದೆ. ಯಜಮಾನರಿಗೆ ಹೇಳಿದೆ. ಅವರು ನಕ್ಕು ಮಗ್ಗುಲು ಬದಲಿಸಿದರು.

ಮರುದಿನ ಐದಕ್ಕೆ ಭಾವನವರು ಹಿತ್ತಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಹಾಕಿದವಳು ನಾನೇ. ತೊಡೆಯ ಮೇಲೆ ವಹಿ, ಕೈಯಲ್ಲಿ ಗಡಿಯಾರ. ಮರಿ ಹೊಂಗೆಮರದ ಕೆಳಗೆ ಕೂತು ಅವರನ್ನೇ ನೋಡಿತು. ಅವರು ಮರಿಯನ್ನು ನೋಡಿದರು. ಐದೂ ಇಪ್ಪತ್ತಾಯಿತು. ಭಾವನವರು ಕಾಲ ಮೇಲೆ ಕಾಲು ಹಾಕಿಕೊಂಡರು. ಐದೂವರೆಯಾಯಿತು, ಕಾಲು ಬದಲಿಸಿದರು. ಹಣೆಯ ಮೇಲೆ ಬೆವರು ಬಂತು. ಮೂವತ್ತು ವರ್ಷ ಒಂದೇ ವೇಳೆಗೆ ಹೋದ ಹೊಟ್ಟೆ, ಅದಕ್ಕೇನು ಇನ್ಸ್‌ಪೆಕ್ಷನ್ ತಿಳಿಯುತ್ತದೆಯೇ?

"ನೀವು ಹೋಗಿ ಬರ್ರಿ ಭಾವನೋರ, ನಾ ನೋಡ್ತೀನಿ" ಅಂದೆ.

"ಡ್ಯೂಟಿ ಬಿಟ್ಟು ಏಳೂ ಮನಷ್ಯಾ ಅಲ್ಲ ನಾ" ಅಂದರು, ಹಲ್ಲು ಕಚ್ಚಿ.

ನಾನು ಮನಸ್ಸಿನಲ್ಲೇ ಜಪ ಹಿಡಿದೆ. ಪುಣೆಗೆ ಬಂದು ಇಷ್ಟು ವರ್ಷವಾಯಿತು, ಪಂಢರಪುರ ಇಷ್ಟು ಹತ್ತಿರ, ದೇವರ ಹತ್ತಿರ ಏನೇನೋ ಕೇಳಿಕೊಂಡಿದ್ದೇನೆ. ಒಬ್ಬರ ಹೊಟ್ಟೆ ಹಿಂಡಲಿ ಅಂತ ಬೇಡಿಕೊಂಡದ್ದು ಅದೊಂದೇ ಸಲ. ಐದೂ ನಲವತ್ತೊಂದಕ್ಕೆ ದೇವರು ಕೇಳಿಸಿಕೊಂಡ. ಭಾವನವರು ವಹಿ ನನ್ನ ಕಡೆ ಎಸೆದು ಧೋತರ ಎತ್ತಿಕೊಂಡು ಒಳಗೆ ಓಡಿದರು. ಆ ಅವಸರದಲ್ಲೂ ಮೂರು ಕೆಮ್ಮು ಬಿಡಲಿಲ್ಲ, ಓಡುತ್ತಲೇ ಕೆಮ್ಮಿದರು. ಚಿಲಕ ಠಣ್ಣೆಂದಿತು. ಮರಿ ಎದ್ದು ಮೈ ಮುರಿದು ಮರದ ಬುಡಕ್ಕೆ ಹೋಗಿ ಎರಡೂ ಮುಗಿಸಿತು. ವಹಿಯಲ್ಲಿ ವೇಳೆ ಬರೆದೆ. ಕೊರಳಿನ ದಾರ ಹರಿದು ಕೆಂಪು ಚೀಟಿಯನ್ನು ಹಸಿ ಕಸದೊಳಗೆ ಹಾಕಿದೆ.

"ಆತೇನು?" ಹೊರಗೆ ಬಂದು ಕೇಳಿದರು.

"ಆತ್ರಿ."

"ನಾ ಎದುರಿಗೆ ಕೂತಿದ್ದಕ್ಕ ಹೆದರಿ ಮಾಡ್ತು."

"ಹೌದ್ರಿ" ಅಂದೆ.

ಮುಂದೆ ಎರಡು ವರ್ಷ ಪಾರ್ಕಿನ ಕಟ್ಟೆಯ ಮೇಲೆ ಕೂತ ಮುದುಕರಿಗೆಲ್ಲ ನಾಯಿಗೆ ಶಿಸ್ತು ಕಲಿಸುವುದು ಹೇಗೆ ಅಂತ ಮರಾಠಿಯಲ್ಲಿ ಪಾಠ ಹೇಳಿದರು. ತಮ್ಮ ಕೈಯಿಂದ ಅದಕ್ಕೆ ಒಂದು ದಿನವೂ ಒಂದು ತುಣುಕು ರೊಟ್ಟಿ ಹಾಕಲಿಲ್ಲ.

ಹೋದ ಕಾರ್ತೀಕದಲ್ಲಿ ಅವರ ಕಾಲು ಬಾತವು. ಮೂತ್ರಪಿಂಡಗಳು ಕೈಕೊಟ್ಟಿವೆ ಅಂದರು ಡಾಕ್ಟರು. ಆಸ್ಪತ್ರೆಗೆ ಸೇರಿಸಿದೆವು. ಕೊನೆಯ ಸಲ ನಾನು ಗಂಜಿ ಒಯ್ದಾಗ ಮಂಚದ ಪಕ್ಕ ಮೂತ್ರದ ಚೀಲ ತೂಗುತ್ತಿತ್ತು. ನನ್ನನ್ನು ಕಂಡವರೇ ಹೊದಿಕೆಯ ಅಂಚು ಎಳೆದು ಅದನ್ನು ಮುಚ್ಚಲು ನೋಡಿದರು, ಕೈ ಮುಟ್ಟಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಹೊದಿಕೆ ಸರಿಮಾಡಿದೆ.

"ಟ್ರೇನಿ ಇವತ್ತ ಎಷ್ಟಕ್ಕ ಹೋತು?" ಅಂದರು.

ಅವರು ಆಸ್ಪತ್ರೆಗೆ ಹೋದಾಗಿನಿಂದ ಮನೆಯಲ್ಲಿ ಕೆಮ್ಮಿಲ್ಲ, ಚಿಲಕವಿಲ್ಲ. ನಾವಿಬ್ಬರೂ ಬಾಗಿಲು ಮೆಲ್ಲಗೆ ಮುಚ್ಚುವವರು. ನಾಯಿ ಒಂಬತ್ತರ ತನಕ ತಡೆದುಕೊಂಡು ಅಡಿಗೆಮನೆಯಲ್ಲಿ ಮಾಡುತ್ತಿತ್ತು.

"ಐದಕ್ಕ ಬರೋಬ್ಬರಿ ಹೋತ್ರಿ ಭಾವನೋರ."

"ನೋಡಿದಿ? ಟೈಮ್‌ಟೇಬಲ್" ಅಂದು ನಿದ್ದೆಗೆ ಹೋದರು. ನಾಲ್ಕು ದಿನಕ್ಕೆ ತೀರಿಕೊಂಡರು. ಸುಳ್ಳಿಗೆ ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ.

ಸತ್ತವರು ಅಂತ ನಾನು ಅವರನ್ನು ದೊಡ್ಡವರು ಮಾಡಲಾರೆ. ಹದಿಮೂರನೆಯ ದಿನ ಪಂಕ್ತಿಯಲ್ಲಿ ಕೂತವರೆಲ್ಲ ಭಾಳ ಶಿಸ್ತಿನ ಮನುಷ್ಯ ಅಂದರು. ನಾನು ಪಾಯಸ ಬಡಿಸಿದೆ. ಟ್ರಂಕಿನಲ್ಲಿ ಉಳಿದಿದ್ದ ಚೀಟಿಯ ಕಟ್ಟನ್ನು ರದ್ದಿಯವನಿಗೆ ಹಾಕಿದೆ.

ಅದಾಗಿ ಒಂದು ವಾರಕ್ಕೆ, ಅಡಿಗೆಮನೆ ಒರೆಸಿ ಒರೆಸಿ ಸಾಕಾಗಿ, ಬೆಳಗಿನ ಐದೂ ಇಪ್ಪತ್ತಕ್ಕೆ ಖಾಲಿ ಸಂಡಾಸದ ಬಾಗಿಲೊಳಗೆ ಕೈಹಾಕಿ ಚಿಲಕ ಜಡಿದೆ. ಗುಂಡ್ಯಾ ತಲೆಯೆತ್ತಿ ನನ್ನನ್ನು ನೋಡಿತು, ಭಾವನವರ ಕೋಣೆಯ ಕಡೆ ನೋಡಿತು, ಮತ್ತೆ ತಲೆಯಿಟ್ಟಿತು. ಯಜಮಾನರು ಮಲಗಿದ್ದನ್ನು ಖಾತ್ರಿ ಮಾಡಿಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆಯುಬ್ಬಿಸಿ, ಸಾಹೇಬರ ಹಾಗೆ ಮೂರು ಸಲ ಕೆಮ್ಮಿದೆ. ಚಿಲಕ ಜಡಿದೆ. ನಾಯಿ ಹಿತ್ತಲಿಗೆ ಹಾರಿತು.

ಅಂದಿನಿಂದ ದಿನಾ ಹೀಗೇ. ಮೇಲಿನ ಮನೆಯ ಆಜಿ ಒಮ್ಮೆ, ವಹಿನಿ, ನಿಮ್ಮ ಕೆಮ್ಮು ಇನ್ನೂ ಹೋಗಿಲ್ಲವೇ ಅಂತ ಮರಾಠಿಯಲ್ಲಿ ಕೇಳಿದರು. ಥಂಡಿ ಅಂದೆ. ಒಂದು ಮಾತು ದೇವರ ದಯೆ ಅಂತಲೇ ಹೇಳಬೇಕು: ಈಗ ಐದೂವರೆಗೆ ನನ್ನ ಸ್ನಾನವಾಗಿರುತ್ತದೆ, ಕತ್ತಲಿರುವಾಗಲೇ ರಂಗೋಲಿ ಬಿದ್ದಿರುತ್ತದೆ. ಚಿಲಕ ಜಡಿದ ಮೇಲೆ ಮಾತ್ರ, ಒಳಗೆ ರೇಡಿಯೋ ಹತ್ತುತ್ತದೇನೋ ಅಂತ ಒಂದು ಕ್ಷಣ ಬಾಗಿಲಲ್ಲಿ ನಿಲ್ಲುತ್ತೇನೆ. ಹತ್ತುವುದಿಲ್ಲ. ಟವೆಲು ತೆಗೆದುಕೊಂಡು ಒಳಗೆ ಹೋಗುತ್ತೇನೆ.