ಎರಡನೇ ಬಾಕ್ಸು

ಅಕ್ಕೋರ ಎಡಗೈ ತೋರುಬೆರಳಿನ ತುದಿ ಜರಡಿಯ ಹಾಗಿತ್ತು. ಮೂವತ್ತು ವರ್ಷ ಸೂಜಿ ಚುಚ್ಚಿಸಿಕೊಂಡು ಅಲ್ಲಿನ ಚರ್ಮ ಒರಟಾಗಿ, ಸಣ್ಣ ಸಣ್ಣ ಕಪ್ಪು ಚುಕ್ಕೆಗಳೆದ್ದು, ರೇಷ್ಮೆಗೆ ತಾಗಿದರೆ ಎಳೆ ಹಿಡಿದುಕೊಳ್ಳುತ್ತಿತ್ತು. ಅದಕ್ಕೇ ರೇಷ್ಮೆ ಸೀರೆ ಮುಟ್ಟುವ ಮೊದಲು ಆ ಬೆರಳಿಗೆ ಹಳೆಯ ಮೆತ್ತನೆ ಬಟ್ಟೆಯ ಚಿಂದಿ ಸುತ್ತಿಕೊಳ್ಳುತ್ತಿದ್ದರು. ಮೊದಲ ದಿನ ನಾನು ಗಾಯವಾಗಿದೆ ಎಂದುಕೊಂಡು ಏನಾಯಿತೆಂದು ಕೇಳಿದ್ದೆ. ತನಗಲ್ಲ, ಸೀರೆಗೆ ಗಾಯವಾಗಬಾರದೆಂದು ಕಟ್ಟಿಕೊಂಡಿದ್ದೇನೆ ಎಂದು ನಕ್ಕಿದ್ದರು.

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಸಾಲಿಯಲ್ಲಿ ಕಲಿಸಿದರೂ ಅಕ್ಕೋರೇ, ಹೊಲಿಗೆ ಕಲಿಸಿದರೂ ಅಕ್ಕೋರೇ. ಹಾನಗಲ್ಲಿನಲ್ಲಿ ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ಆಚೆ ಅವರ ಮನೆ. ಮುಂದಿನ ಕೋಣೆಯಲ್ಲಿ ಅಂಗಡಿ ಮತ್ತು ಕ್ಲಾಸು, ಹಿಂದಿನ ಕೋಣೆಯಲ್ಲಿ ಅವರು ಮತ್ತು ಅವರ ತಂಗಿ. ಗಂಡ ತೀರಿಕೊಂಡ ಮೇಲೆ ಮಷಿನ್ನೇ ಅವರ ಸಂಸಾರ. ನಾನು ಆಡೂರಿನಿಂದ ಬೆಳಗಿನ ಬಸ್ಸಿಗೆ ಹೋಗಿ ಎರಡು ವರ್ಷ ಅವರ ಕೈಕೆಳಗೆ ಕಲಿತೆ. ಗುಂಡಿಗೆ ಕಾಜಾ ಹಾಕುವುದನ್ನು ಅವರು ಹನ್ನೊಂದು ಸಲ ಬಿಚ್ಚಿಸಿದ್ದು ನೆನಪಿದೆ. ಹನ್ನೆರಡನೇ ಸಲ ಚೆನ್ನಾಗಿದೆ ಎನ್ನಲಿಲ್ಲ, ಬಿಚ್ಚು ಎನ್ನಲಿಲ್ಲ ಅಷ್ಟೆ.

ಅವರಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡನ್ನು, ಅದು ಎರಡು ಬೆರಳಗಲವಿದ್ದರೂ, ಮಡಿಚಿ, ಹೊಲಿದ ಬ್ಲೌಸಿಗೇ ಪಿನ್ನು ಚುಚ್ಚಿ ಕೊಡುತ್ತಿದ್ದರು. ಬೇರೆ ಟೇಲರ್‌ಗಳು ಅಂಥ ತುಂಡುಗಳಲ್ಲಿ ಮಕ್ಕಳ ಲಂಗಕ್ಕೆ ಪಟ್ಟಿ ಮಾಡಿ ಮಾರುತ್ತಿದ್ದರು. ಇವರನ್ನು ಕಂಡರೆ ಅವರಿಗೆಲ್ಲ ನಗು.

ಒಂದು ಸಲ ಶಿಗ್ಗಾಂವಿಯ ಗಿರಾಕಿಯೊಬ್ಬರ ನೀಲಿ ಮಖಮಲ್ಲಿನಲ್ಲಿ ಅಂಗೈಯಗಲದ ತುಂಡು ಉಳಿಯಿತು. ನನಗೆ ಆಸೆಯಾಗಿ ಚೀಲದಲ್ಲಿ ಹಾಕಿಕೊಂಡೆ. ಬ್ಲೌಸು ಹೋದ ಮೇಲೆ ಅಕ್ಕೋರಿಗೆ ಗೊತ್ತಾಯಿತು. ಬೈಯಲಿಲ್ಲ. ಮರುದಿನ ಬಸ್ಸು ಹತ್ತಿ ಶಿಗ್ಗಾಂವಿಗೆ ಹೋಗಿ ಆ ಹೆಂಗಸಿನ ಕೈಗೇ ಕೊಟ್ಟು ಬಾ ಎಂದರು. ಹೋದೆ. ಆಕೆ ಬಿದ್ದು ಬಿದ್ದು ನಕ್ಕು, ಚಹಾ ಕುಡಿಸಿ ಕಳಿಸಿದಳು. ನಾಚಿಕೆಯಿಂದ ಸತ್ತು ಹೋಗಿದ್ದೆ. ತಿರುಗಿ ಬಂದಾಗ ಅಕ್ಕೋರು ಕತ್ತರಿ ಕೆಳಗಿಟ್ಟು ಹೇಳಿದ ಮಾತು ಇದು:

"ಉಳಿದದ್ದು ನಮ್ದಲ್ಲ ಅನ್ನೂದು ತಲೀಗೆ ಗೊತ್ತಿದ್ರ ಸಾಲಂಗಿಲ್ಲವ್ವ, ಕೈಗೆ ಗೊತ್ತಿರಬೇಕು."

ಆ ಮಾತನ್ನು ನಾನು ನಂಬಿದೆ. ಅದಕ್ಕಿಂತ ಹೆಚ್ಚಾಗಿ ಆಡಿದವರನ್ನು ನಂಬಿದೆ.

ಮದುವೆಯಾದ ಮೇಲೂ ಆಡೂರಿನಲ್ಲೇ ಉಳಿದೆ, ಮನೆಯಲ್ಲೇ ಹೊಲಿಗೆ ಶುರುಮಾಡಿದೆ. ಆ ಹೊತ್ತಿಗೆ ಸೀರೆಯೆಂದರೆ ಎಲ್ಲರಿಗೂ ಅಂಚು ಸುತ್ತಿ ಹೊಲಿಯುವ ಮಷಿನ್ ಪಿಕೋ ಬೇಕಾಗಿತ್ತು. ಅಕ್ಕೋರು ಮಾತ್ರ ಅಂಚು ಮಡಿಚಿ ಕೈಯಲ್ಲೇ ಹೊಲಿಯುತ್ತಿದ್ದರು, ಹಾಗಾಗಿ ಗಿರಾಕಿ ಕಡಿಮೆಯಾಗುತ್ತಿದ್ದರು. ನಾನು ಮೊಬೈಲಿನಲ್ಲಿ ಹುಡುಕಿ ಒಂದು ಪಿಕೋ ಮಷಿನ್ ತರಿಸಿದೆ. ಪಾರ್ಸೆಲ್ಲಿನವರು ಆಗ ನಮ್ಮೂರಿನವರೆಗೆ ಬರುತ್ತಿರಲಿಲ್ಲ. ಅಕ್ಕೋರಲ್ಲಿ ಕಲಿತ ಹಳ್ಳಿಯ ಹುಡುಗಿಯರೆಲ್ಲ ಅವರ ಅಂಗಡಿಯ ವಿಳಾಸವನ್ನೇ ಕೊಡುತ್ತಿದ್ದೆವು. ಬಂದ ಬಾಕ್ಸಿನ ಮೇಲೆ ಅವರು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ದೊಡ್ಡದಾಗಿ ಹೆಸರು ಬರೆದು ಇಡುತ್ತಿದ್ದರು. ನನ್ನ ಹೆಸರು ಬರೆದ ಬಾಕ್ಸನ್ನು ಬಸ್ಸಿನ ಮೇಲೇರಿಸಿಕೊಂಡು ಮನೆಗೆ ತಂದೆ.

ಹದಿನೈದು ದಿನದ ಮೇಲೆ ಕಂಪನಿಯಿಂದ ಫೋನು ಬಂತು. ತಪ್ಪಿ ಎರಡು ಮಷಿನ್ ಕಳಿಸಿದ್ದೇವೆ, ಎರಡೂ ತಲುಪಿವೆ ಎಂದು ನಮ್ಮಲ್ಲಿ ಬರೆದಿದೆ, ಒಂದನ್ನು ವಾಪಸ್ ಕೊಡಿ ಎಂದರು. ನನಗೆ ಬಂದದ್ದು ಒಂದೇ. ಹಾನಗಲ್ಲಿಗೆ ಹೋಗಿ ಅಕ್ಕೋರನ್ನು ಕೇಳಿದೆ. ಅವರು ಮಷಿನ್ನಿನಿಂದ ತಲೆ ಎತ್ತಲಿಲ್ಲ.

"ಒಂದ ಬಂದಿತ್ತು. ಒಂದ ಕೊಟ್ಟೇನಿ."

ಅಷ್ಟು ಸಾಕಾಯಿತು ನನಗೆ. ಅಲ್ಲೇ ನಿಂತು ಕಂಪನಿಗೆ ಫೋನು ಮಾಡಿದೆ. ನಮ್ಮ ಅಕ್ಕೋರು ಇನ್ನೊಬ್ಬರ ಬಟ್ಟೆಯ ಎರಡು ಬೆರಳು ತುಂಡನ್ನೂ ಇಟ್ಟುಕೊಳ್ಳುವವರಲ್ಲ, ಕೇಳುವುದಿದ್ದರೆ ನಿಮ್ಮ ಪಾರ್ಸೆಲ್ಲಿನವನನ್ನು ಕೇಳಿ ಎಂದು ಜೋರಾಗಿಯೇ ಹೇಳಿದೆ. ಅವರ ಪರವಾಗಿ ಮಾತಾಡಿದ ಹೆಮ್ಮೆಯಲ್ಲಿ ಅವರ ಮುಖ ನೋಡಿದೆ. ಅವರು ಪೆಡಲ್ ತುಳಿಯುತ್ತಲೇ ಇದ್ದರು, ಮಷಿನ್ ಓಡುತ್ತಲೇ ಇತ್ತು.

ಪಾರ್ಸೆಲ್ ತರುತ್ತಿದ್ದವರು ಹಂಸಭಾವಿಯವರು, ನಲವತ್ತು ದಾಟಿದವರು. ನಾಲ್ಕು ದಿನದ ಮೇಲೆ ಅವರೇ ಬೈಕಿನಲ್ಲಿ ಆಡೂರಿಗೆ ನನ್ನನ್ನು ಹುಡುಕಿಕೊಂಡು ಬಂದರು. ಎರಡೂ ಬಾಕ್ಸನ್ನು ಒಂದೇ ದಿನ ಅಕ್ಕೋರ ಕಟ್ಟೆಯ ಮೇಲೆ ಇಳಿಸಿದ್ದಾಗಿ ಹೇಳಿದರು.

"ಯವ್ವಾ, ಅಕ್ಕೋರನ್ನ ಇನ್ನೊಮ್ಮೆ ಕೇಳಿ ನೋಡ್ರಿ. ನನ್ನ ಕೆಲಸ ಹೋಗೂ ಹಂಗ ಐತ್ರಿ."

ಕೇಳುವುದಿಲ್ಲ ಎಂದೆ. ಅಂಥವರ ಮೇಲೆ ತಪ್ಪು ಹೊರಿಸಲು ನಾಲಿಗೆ ಹೇಗೆ ಬಂತು ಎಂದೂ ಕೇಳಿದೆ. ನಮ್ಮ ಕಡೆ ವೈರಿ ಬಂದರೂ ಬಿಸಿಲಲ್ಲಿ ಬಂದವನಿಗೆ ಮೊದಲು ನೀರು ಕೊಡುತ್ತಾರೆ. ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆ, ನೀರು ಬೇಕೇ ಎನ್ನಲಿಲ್ಲ. ಮುಂದಿನ ತಿಂಗಳಿನಿಂದ ಹಾನಗಲ್ಲಿಗೆ ಬೇರೆಯವರು ಪಾರ್ಸೆಲ್ ತರತೊಡಗಿದರು.

ಆ ವರ್ಷ ನಮ್ಮ ಓಣಿಯ ಮದುವೆಗೆ ಸವಣೂರಿನಿಂದ ಬಂದ ಹೆಂಗಸೊಬ್ಬರು ಬ್ಲೌಸು ಬಿಗಿಯಾಗಿದೆ, ಬಿಚ್ಚಿಕೊಡು ಎಂದು ಬಂದರು. ಅವರು ಉಟ್ಟಿದ್ದ ಸೀರೆಯ ಫಾಲ್ ಮೇಲೆ ಕಣ್ಣು ಬಿತ್ತು. ಓರೆಯಾಗಿ ಸಾಲು ಹಿಡಿದ ಕೈಹೊಲಿಗೆ, ಶುರುವಿನಲ್ಲಿ ಮಡಿಕೆಯೊಳಗೆ ಅಡಗಿಸಿದ ಮೂರು ಸುತ್ತಿನ ಗಂಟು. ಅದು ಅಕ್ಕೋರ ಕೈ, ಕತ್ತಲಲ್ಲಿ ಮುಟ್ಟಿದರೂ ಹೇಳುತ್ತೇನೆ. ಆದರೆ ಸೆರಗಿನ ಅಂಚಿಗೆ ಮಷಿನ್ ಪಿಕೋ ಇತ್ತು. ಕೇಳಿದರೆ, ತವರೂರು ಹಾನಗಲ್ಲು, ಎರಡನ್ನೂ ಅಲ್ಲಿಯ ಅಕ್ಕೋರೇ ಮಾಡಿಕೊಟ್ಟರು ಎಂದರು. ನನಗೆ ಸಂತೋಷವಾಯಿತು. ಕೊನೆಗೂ ಹಟ ಬಿಟ್ಟು ಮಷಿನ್ ತೆಗೆದುಕೊಂಡರಲ್ಲ, ಹೋಗಿ ಕಾಡಿಸಬೇಕು ಎಂದು ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ಹೋದೆ. ಎಂಥ ಹುಚ್ಚಿ ನಾನು.

ಅಕ್ಕೋರು ಮುಂದಿನ ಕೋಣೆಯಲ್ಲಿ ಇರಲಿಲ್ಲ. ಒಳಗಿನಿಂದ ಸದ್ದು ಕೇಳಿತು, ನನ್ನ ಮನೆಯ ಮಷಿನ್ನಿನದೇ ಸದ್ದು. ಪರದೆ ಸರಿಸಿದೆ. ಕಿಟಕಿಯ ಬೆಳಕಿನಲ್ಲಿ ಕೂತು ಪಿಕೋ ಹಾಕುತ್ತಿದ್ದರು. ಪಕ್ಕದಲ್ಲಿ ಮಷಿನ್ನು ಬಂದ ರಟ್ಟಿನ ಬಾಕ್ಸು. ಅದರ ತುಂಬ ಗಿರಾಕಿಗಳಿಗೆ ತಿರುಗಿ ಕೊಡಲು ಮಡಿಚಿಟ್ಟ ಉಳಿದ ತುಂಡುಗಳು. ಬಾಕ್ಸಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ಹೆಸರು, ನನ್ನ ಫೋನ್ ನಂಬರು.

ನಾನು ಓದಿದ್ದನ್ನು ಅವರು ನೋಡಿದರು. ಸುಳ್ಳು ಹೇಳಲಿಲ್ಲ. ಕಣ್ಣು ಹೋಗುತ್ತಿದೆ, ಅಂಚು ಹೊಲಿಯಲು ಕೂತರೆ ಎಳೆ ಕಾಣುವುದಿಲ್ಲ, ಫಾಲ್ ಒಂದನ್ನು ಬೆರಳಿನ ಅಂದಾಜಿನಲ್ಲೇ ಹಾಕುತ್ತೇನೆ ಎಂದರು. ಎರಡು ಬಂದಾಗ ಒಂದೇ ಒಂದು ದಿನ ಇಟ್ಟು ನೋಡೋಣ ಎನಿಸಿತಂತೆ.

"ನನ್ನ ಕೇಳಿದ್ರ ನನ್ನ ಮಷಿನ್ನ ತಂದು ಕೊಡ್ತಿದ್ನಲ್ರಿ, ಅಕ್ಕೋರ" ಎಂದೆ.

"ನಿನ್ನ ಕಡೆ ಹೆಂಗ ಕೇಳ್ಲಿ? ನಾ ನಿನಗ ಕಲಿಸಿದಾಕಿ."

ಪಾರ್ಸೆಲ್ಲಿನವರ ಕೆಲಸ ಹೋಯಿತು, ನಿಮಗೆ ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಬೆರಳಿಗೆ ಸುತ್ತಿದ್ದ ಚಿಂದಿಯನ್ನು ಬಿಚ್ಚಿದರು.

"ಗೊತ್ತೈತಿ" ಎಂದರು.

ಪೇಡೆಯ ಪೊಟ್ಟಣವನ್ನು ಅಲ್ಲೇ ಇಟ್ಟೆನೋ, ದಾರಿಯಲ್ಲಿ ಬಿಟ್ಟೆನೋ ನೆನಪಿಲ್ಲ. ಕಟ್ಟೆಯ ಮೇಲೆ ಕೂತು ಕಂಪನಿಗೆ ಫೋನು ಹಚ್ಚಿ, ಎರಡನೇ ಮಷಿನ್ ಸಿಕ್ಕಿದೆ, ನಿಮ್ಮ ಮನುಷ್ಯನದು ತಪ್ಪಿಲ್ಲ, ನಾನೇ ಸುಳ್ಳು ಸಾಕ್ಷಿ ಹೇಳಿದೆ ಎಂದೆ. ಎರಡು ದಿನ ಬಿಟ್ಟು ಅವರು ತಿರುಗಿ ಫೋನು ಮಾಡಿದರು. ಬಳಸಿದ ಮಷಿನ್ ತರಿಸಿಕೊಳ್ಳುವುದಿಲ್ಲ, ನೀವೇ ಇಟ್ಟುಕೊಳ್ಳಿ ಮೇಡಂ, ಆ ಕೆಲಸಕ್ಕೆ ಈಗಾಗಲೇ ಬೇರೆಯವರನ್ನು ತೆಗೆದುಕೊಂಡಿದ್ದೇವೆ ಎಂದರು. ಇಷ್ಟು ಸಸಾರವಾಗಿತ್ತು ಅವರಿಗೆ ಆ ಮಷಿನ್ನು. ಬಂದ ದಿನವೇ ಅಕ್ಕೋರು ಒಂದು ಮಾತು ತಿಳಿಸಿದ್ದರೆ ಯಾರ ಅನ್ನವೂ ಹೋಗುತ್ತಿರಲಿಲ್ಲ.

ಹಂಸಭಾವಿಗೆ ಹೋದೆ. ಅವರು ಮನೆಯ ಮುಂದೆ ಗೋವಿನಜೋಳದ ಚೀಲ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ಆಗ ಅದೇ ಅವರ ಕೆಲಸ. ನನ್ನ ಗುರುತು ಹಿಡಿದು ಚೀಲ ಇಳಿಸಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಕೂಗಿ ಒಂದು ತಂಬಿಗೆ ನೀರು ತರಿಸಿದರು.

"ಬಿಸಲಾಗ ಬಂದೀರಿ. ಮೊದಲ ನೀರು ಕುಡೀರಿ, ಆಮ್ಯಾಲ ಹೇಳ್ರಿ."

ತಂಬಿಗೆ ಎತ್ತಿ ಕುಡಿದೆ. ಎಲ್ಲವನ್ನೂ ಹೇಳಿದೆ. ಕೇಳಿ ಅವರು ಒಂದೇ ಮಾತು ಆಡಿದರು: ಅಕ್ಕೋರು ನನ್ನ ಮುಖ ನೋಡಿ ಒಮ್ಮೆ ಹೇಳಿದ್ದರೆ ನಾನೇ ವಾಪಸ್ ಒಯ್ಯುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ವರ್ಷಗಟ್ಟಲೆ ನಾನು ಅಕ್ಕೋರ ಮನೆಗೆ ಹೋಗಲಿಲ್ಲ. ಹಾನಗಲ್ಲಿಗೆ ಹೋದರೆ ಆ ಓಣಿ ಬಿಟ್ಟು ಸುತ್ತಿ ಬರುತ್ತಿದ್ದೆ. ಈಗ ಪಾರ್ಸೆಲ್ಲಿನವರು ಆಡೂರಿಗೇ ಬರುತ್ತಾರೆ. ನಾನು ಬಂದವರನ್ನು ನಿಲ್ಲಿಸಿಕೊಂಡೇ ಬಾಕ್ಸು ಎಣಿಸುತ್ತೇನೆ. ಒಂದು ಸಲ ದಾರದ ಡಬ್ಬಿ ಎರಡು ಬಂದಿತ್ತು. ಒಡೆಯದೆ, ಫೋಟೋ ತೆಗೆದು, ಅವರ ಎದುರಿಗೇ ಕಂಪನಿಗೆ ತಿಳಿಸಿ, ವಾಪಸ್ ಒಯ್ಯುವವರೆಗೆ ಅಟ್ಟದ ಮೇಲಿಟ್ಟೆ. ಓಣಿಯ ಹೆಂಗಸರು ಒಂದು ದಾರಕ್ಕೆ ಇಷ್ಟು ರಂಪವೇ ಎನ್ನುತ್ತಾರೆ. ಅನ್ನಲಿ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಹೋಗಬಾರದು ಎಂದುಕೊಂಡೇ ಬಸ್ಸು ಹತ್ತಿದೆ. ಚಾಪೆಯ ಮೇಲೆ ಮಲಗಿಸಿದ್ದರು, ಹೊದಿಕೆಯಿಂದ ಅವರ ಎಡಗೈ ಹೊರಗಿತ್ತು. ನನ್ನ ಕಣ್ಣು ಮೊದಲು ಹೋದದ್ದು ಆ ಬೆರಳಿಗೆ. ತುದಿ ನುಣ್ಣಗಾಗಿತ್ತು, ಎಲ್ಲರ ಬೆರಳಿನ ಹಾಗೆ. ನೀವು ಬಂದು ಹೋದ ದಿನದಿಂದ ಅಕ್ಕ ಸೂಜಿ ಹಿಡಿಯಲಿಲ್ಲ, ಆ ಮಷಿನ್ನನ್ನೂ ಮುಟ್ಟಲಿಲ್ಲ, ಬಾಕ್ಸಿನಲ್ಲಿದ್ದ ತುಂಡುಗಳನ್ನೆಲ್ಲ ಮನೆಮನೆಗೆ ಹೋಗಿ ಕೊಟ್ಟು ಬಂದಳು ಎಂದು ಅವರ ತಂಗಿ ಹೇಳಿದರು. ಮಷಿನ್ನನ್ನು ಅದೇ ಬಾಕ್ಸಿನಲ್ಲಿ ಹಾಕಿ ಮೇಲೆ ಚಾಕ್‌ಪೀಸಿನಿಂದ ನನ್ನ ಹೆಸರು ಬರೆದಿಟ್ಟಿದ್ದರು. ಒಯ್ಯಿರಿ ಎಂದರು ತಂಗಿ. ನಾನು ಒಯ್ಯಲಿಲ್ಲ. ಹಂಸಭಾವಿಗೂ ಅಕ್ಕೋರು ಹೋಗಿದ್ದರೇ ಎಂದು ಕೇಳಿದೆ. ಇಲ್ಲ ಎಂದರು.

ಅದೊಂದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಆದರೆ ಇವತ್ತು ಬೆಳಿಗ್ಗೆಯೂ ಒಂದು ಬ್ಲೌಸು ಮುಗಿಸಿದೆ. ಎರಡು ಬೆರಳಗಲ ಬಟ್ಟೆ ಉಳಿದಿತ್ತು. ಸಿಟ್ಟು ನೆನಪಾಗುವ ಮೊದಲೇ ನನ್ನ ಕೈ ಆ ತುಂಡನ್ನು ಮಡಿಚಿ, ಬ್ಲೌಸಿನ ಮೇಲಿಟ್ಟು, ಪಿನ್ನು ಚುಚ್ಚಿ ಮುಗಿಸಿತ್ತು.