ಎರಡು ನರಕೋಶಗಳ ನಡುವಿನ ಜಾಗ

ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಕಪ್ಪೆಯ ಹೃದಯ, ಸೀಳಿದ ಹೂವು, ಕಿವಿಯೊಳಗಿನ ಸುರುಳಿ, ಹೀಗೆ ಮಕ್ಕಳು ನಾಲಿಗೆ ಕಚ್ಚಿಕೊಂಡು ನಕಲು ಮಾಡುವ ಚಿತ್ರಗಳೆಲ್ಲ ಅವಳ ಕೈಯಿಂದಲೇ ಹೊರಟವು. ಕಿಟಕಿಯ ಪಕ್ಕ ಅವಳ ಓರೆ ಮೇಜು. ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಮಸಿ.

ಆ ಕಚೇರಿಗೆ ಒಂದು ಪದ್ಧತಿಯಿತ್ತು. ಪಾಠದ ಕೊನೆಯ ಪ್ರಶ್ನೆಗಳಲ್ಲಿ ಯಾವ ಭಾಗವನ್ನು ಕೇಳಿಲ್ಲವೋ ಆ ಭಾಗ ಚಿತ್ರದಲ್ಲೂ ಇರಕೂಡದು. ಇದ್ದರೆ ಮಕ್ಕಳಿಗೆ ಗೊಂದಲ ಎಂಬುದು ಸಂಪಾದಕರ ವಾದ. ಹಾಗಾಗಿ ಅವರ ಪುಸ್ತಕದಲ್ಲಿ ಮೂತ್ರಪಿಂಡಕ್ಕೆ ರಕ್ತ ಬರುತ್ತಿತ್ತು, ವಾಪಸು ಹೋಗುತ್ತಿರಲಿಲ್ಲ. ಮರಕ್ಕೆ ಬೇರಿತ್ತು, ಬೇರಿಗೆ ಮಣ್ಣಿರಲಿಲ್ಲ. ಗೆರೆಯಕ್ಕ ಇದನ್ನೆಲ್ಲ ವರ್ಷಗಟ್ಟಲೆ ನುಂಗಿಕೊಂಡಳು. ಮಿದುಳಿನ ಪಾಠ ಬಂದಾಗ ಮಾತ್ರ ನುಂಗಲಾಗಲಿಲ್ಲ.

ಕಾರಣ ಅವಳ ಮನೆಯಲ್ಲಿತ್ತು. ತಮ್ಮನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಈಗ ಮನೆಯ ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾನೆ. ಬೀದಿಯವರೆಲ್ಲ ಅವನ ಗಿರಾಕಿಗಳು. ಆದರೆ ಶಾಲೆಯಲ್ಲಿ ಒಮ್ಮೆ ಬಿದ್ದದ್ದೇ ಸಾಕಾಯಿತು, ಅವನ ಬೆಂಚನ್ನು ಬಾಗಿಲಾಚೆ ಹಾಕಿಸಿದರು. ತಲೆ ಸರಿಯಿಲ್ಲ ಎಂದರು. ಹಟಮಾರಿ ಎಂದರು. ಅಮ್ಮ ಮುದ್ದು ಮಾಡಿ ಕೆಡಿಸಿದಳು ಎಂದರು. ಅಮ್ಮ ಸಾಯುವವರೆಗೂ ಅದನ್ನೇ ನಂಬಿಕೊಂಡಿದ್ದಳು.

ಈ ಸಲ ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಔಷಧಿ ಚೀಟಿಯ ಹಿಂದೆ ಗೀಚಿ ತೋರಿಸಿದ್ದರು. ಒಂದು ನರಕೋಶ ಇನ್ನೊಂದರ ಜೊತೆ ಮಾತಾಡಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸುರಿಯುತ್ತದೆ. ಸುರಿದದ್ದು ಅಲ್ಲೇ ಉಳಿದರೆ ಆಚೆಯ ಕೋಶ ಸುಮ್ಮಸುಮ್ಮನೆ ಕೆರಳುತ್ತದೆ, ಕೆರಳಿ ಕೆರಳಿ ಸಾಯಲೂಬಹುದು. ಹಾಗಾಗದಂತೆ ಪಕ್ಕದಲ್ಲೇ ಒಂದು ಆಸರೆ ಕೋಶ, ನಕ್ಷತ್ರದ ಆಕಾರದ್ದು, ತನ್ನ ಮೈಮೇಲಿನ ಬಾಗಿಲುಗಳ ಮೂಲಕ ಉಳಿದದ್ದನ್ನು ಒಳಗೆ ಎಳೆದುಕೊಳ್ಳುತ್ತದೆ. ನರಕೋಶಗಳ ಮಾತು ಹೆಚ್ಚಾದಂತೆ ಬಾಗಿಲುಗಳನ್ನೂ ಹೆಚ್ಚಿಸಿಕೊಳ್ಳುತ್ತದೆ. ಎಳೆದುಕೊಂಡದ್ದನ್ನು ಅಪಾಯವಿಲ್ಲದ ರೂಪಕ್ಕೆ ತಿರುಗಿಸಿ ನರಕೋಶಕ್ಕೇ ಹಿಂದಿರುಗಿಸುತ್ತದೆ.

"ನಿಮ್ಮ ತಮ್ಮನಿಗೆ ಇದೇ ಕಾರಣ ಅಂತ ನಾನು ಹೇಳಲ್ಲ" ಎಂದಿದ್ದರು ಡಾಕ್ಟರಮ್ಮ. "ಆದ್ರೆ ಕೆಲವು ಮೂರ್ಛೆರೋಗಗಳಲ್ಲಿ ಈ ಎತ್ತಿಕೊಳ್ಳೋ ಕೆಲಸ ಏರುಪೇರಾಗಿರುತ್ತೆ. ಹಟಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ."

ತಮ್ಮ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಲ್ಲಕ್ಕಾ, ಇದನ್ನ ಶಾಲೇಲಿ ಯಾಕೆ ಹೇಳ್ಕೊಡಲಿಲ್ಲ?"

ಗೆರೆಯಕ್ಕ ಅವನ ಕೈಯಿಂದ ಚೀಟಿ ತೆಗೆದು ಮಡಚಿಟ್ಟುಕೊಂಡಳು. ಆ ಪಾಠದ ಚಿತ್ರ ಬರೆಯುತ್ತಿದ್ದವಳು ಅವಳೇ. ಮರುದಿನ ಕಚೇರಿಯಲ್ಲಿ ಎರಡು ನರಕೋಶಗಳ ನಡುವಿನ ಜಾಗಕ್ಕೆ ನಕ್ಷತ್ರ ಕೋಶವನ್ನು ಮನಸಾರೆ ತುಂಬಿಸಿದಳು. ಒಂದೊಂದು ಕವಲೂ ನರಕೋಶವನ್ನು ತಬ್ಬುವ ಹಾಗೆ, ಒಂದೊಂದು ಬಾಗಿಲೂ ಎಣಿಸಲು ಬರುವ ಹಾಗೆ.

ಸಂಪಾದಕರು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು. "ಪ್ರಶ್ನೇಲಿ ಇಲ್ಲ. ತೆಗೀರಿ."

"ಇದನ್ನ ತೆಗೆದ್ರೆ ಸುರಿದದ್ದು ಎಲ್ಲಿಗೆ ಹೋಗುತ್ತೆ ಸಾರ್?"

"ಎಲ್ಲಿಗಾದ್ರೂ ಹೋಗ್ಲಿ. ಪರೀಕ್ಷೆಗೆ ಬರಲ್ಲ."

ಪಾಠ ಬರೆದ ಮೇಷ್ಟ್ರು ಅಲ್ಲೇ ಕೂತಿದ್ದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಪುಟ ಜೋಡಿಸುವ ಹುಡುಗಾಟದ ಮನುಷ್ಯನನ್ನು ಎಲ್ಲರೂ ಪುಟಣ್ಣ ಅನ್ನುತ್ತಿದ್ದರು. ಅವನು ಮೆಲ್ಲಗೆ ಮೇಜಿನ ಹತ್ತಿರ ಬಂದ. "ಅಕ್ಕಾ, ತಲೆ ಬಿಸಿ ಮಾಡ್ಕೋಬೇಡಿ. ನಿಮ್ಮ ನಕ್ಷತ್ರಾನ ಹಿಂದೆ ತೆಳು ಹಳದಿ ಬಣ್ಣದ ಥರ ಹಾಕಿಬಿಡಿ. ಹೆಸರು ಬೇಡ. ನಮ್ಮ ಸಾಹೇಬ್ರಿಗೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಕಾಣುತ್ತೆ."

"ಹೆಸರಿಲ್ಲದೆ ಹಿಂದೆ ನಿಂತ್ಕೊಳ್ಳೋಕೆ ಅದೇನು ತಪ್ಪು ಮಾಡಿದೆ?" ಅವಳ ದನಿ ಏರಿತು. "ಮಿದುಳು ನಡೆಸೋದಕ್ಕೆ ಬೇಕು, ಪುಸ್ತಕಕ್ಕೆ ಬೇಡ. ಸುಣ್ಣವಂತೆ!"

"ಅಯ್ಯೋ, ನಾನು ನಿಮ್ಮ ಪಕ್ಷಾನೇ ಕಣಕ್ಕಾ" ಎಂದು ಪುಟಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ಗೆರೆಯಕ್ಕ ಚಿತ್ರವನ್ನು ಎತ್ತಿಕೊಂಡು ಹೋಗಿ ಮೇಷ್ಟ್ರ ಮುಂದೆ ಹರಡಿದಳು. "ಇದು ನಿಮಗೆ ಗೊತ್ತಿಲ್ವಾ ಮೇಷ್ಟ್ರೇ?"

"ಗೊತ್ತಿದೆಯಮ್ಮ. ಗೊತ್ತಿಲ್ಲದೆ ಏನು."

"ಮತ್ತೆ ಒಂದು ಪ್ರಶ್ನೆ ಬರೀರಿ. ಪ್ರಶ್ನೆ ಇದ್ರೆ ಚಿತ್ರಾನೂ ಇರುತ್ತೆ."

"ಒಂದು ಸೇರಿಸಿದ್ರೆ ಒಂದು ತೆಗೀಬೇಕಾಗುತ್ತೆ. ಸಮಿತಿಯವರು ಒಪ್ಪಿದ ಪಾಠ. ಈಗ ಕೆದಕಿದ್ರೆ ಸುಮ್ಮನೆ ರಗಳೆ. ಮುಂದಿನ ಸಲ ನೋಡೋಣ."

ಮುಂದಿನ ಸಲ ಎಂದರೆ ಇನ್ನಷ್ಟು ಮಕ್ಕಳ ಬೆಂಚು ಬಾಗಿಲಾಚೆ ಹೋಗಿರುತ್ತದೆ. ಅವಳು ಚಿತ್ರದ ಮೇಲೆ ಕೈಯೂರಿದಳು.

"ನನ್ನ ತಮ್ಮನ್ನ ಹೊರಗೆ ಕೂರಿಸಿದ್ರಲ್ಲ, ಅವರಿಗೆ ಪಾಪ ಏನೂ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ದೀರಿ. ಅವರನ್ನಾದ್ರೂ ನಾನು ಕ್ಷಮಿಸಬಹುದು."

ಮೇಷ್ಟ್ರ ಮುಖ ಸಣ್ಣಗಾಯಿತು. ಕಿಟಕಿಯಾಚೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವರು ಪೆನ್ನು ತೆಗೆದು, ಮಿದುಳಿನ ತೂಕ ಎಷ್ಟು ಎಂಬ ಪ್ರಶ್ನೆಯನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ ಬರೆದರು: ನರಕೋಶಗಳ ನಡುವೆ ಉಳಿದ ಗ್ಲುಟಮೇಟನ್ನು ಎತ್ತಿಕೊಳ್ಳುವ ಕೋಶ ಯಾವುದು? ಚಿತ್ರದಲ್ಲಿ ಗುರುತಿಸಿ.

ಸಂಪಾದಕರು ಅದನ್ನು ಎರಡು ಸಲ ಓದಿದರು. "ಇಬ್ಬರೂ ಸೇರಿ ನನಗೆ ಟೋಪಿ ಹಾಕ್ತಿದ್ದೀರಿ" ಎಂದರು. ಆದರೆ ಪದ್ಧತಿ ಅವರದೇ. ಪ್ರಶ್ನೆ ಬಂದಮೇಲೆ ಚಿತ್ರವನ್ನು ತಡೆಯಲು ಅವರ ಬಳಿ ಕಾರಣವಿರಲಿಲ್ಲ.

ಮೊದಲ ಕರಡು ಮೇಜಿಗೆ ಬಂದಾಗ ಗೆರೆಯಕ್ಕ ಬಗ್ಗಿ ನೋಡಿದಳು. ನಕ್ಷತ್ರ ಕೋಶ ಇತ್ತು. ಹೆಸರೂ ಇತ್ತು. ಆದರೆ ಉಳಿದ ಹೆಸರುಗಳೆಲ್ಲ ದಪ್ಪಕ್ಷರದಲ್ಲಿದ್ದರೆ ಅದೊಂದು ಮಾತ್ರ ಇರುವೆಗಾತ್ರದಲ್ಲಿ ಮೂಲೆಗೆ ಅಂಟಿಕೊಂಡಿತ್ತು. ಅವಳು ಕರಡಿಗೆ ಸಹಿ ಹಾಕದೆ ನೇರ ಪುಟಣ್ಣನ ಹತ್ತಿರ ಹೋದಳು.

"ಇದೇನಿದು?"

"ಜಾಗ ಇಲ್ಲ ಕಣಕ್ಕಾ. ದಪ್ಪ ಮಾಡಿದ್ರೆ ನರಕೋಶದ ಹೆಸರಿಗೆ ತಾಗುತ್ತೆ."

"ನರಕೋಶಾನ ಸ್ವಲ್ಪ ಆಚೆ ಸರಿಸು."

ಅವನು ಸಂಪಾದಕರ ಕೋಣೆಯ ಕಡೆ ನೋಡಿದ, ಅವಳ ಮುಖ ನೋಡಿದ. ಆಮೇಲೆ ಸರಿಸಿದ.