ಬಿಸಿ ಮಾತ್ರೆ, ತಣ್ಣನೆ ಭೇದಿಮದ್ದು

ಕಣಿವೆಯ ಊರಾದ ಪುನಾತದ ಸುತ್ತಮುತ್ತಲ ಗೋಡೆಗಳಲ್ಲಿ ಅರ್ಧಕ್ಕರ್ಧ ಫಾಕುಂದೊ ತುಳಿದ ಮಣ್ಣೇ. ನಲವತ್ತು ವರ್ಷ ಬರಿಗಾಲಲ್ಲಿ ಕೆಸರು ತುಳಿದು, ಹುಲ್ಲು ಬೆರೆಸಿ, ಅಚ್ಚಿಗೆ ಹಾಕಿ ಹಸಿ ಇಟ್ಟಿಗೆ ಒಣಗಿಸಿದವನು. ಅಂಥ ಗೋಡೆಯ ಬಿರುಕಲ್ಲೇ ವಿಂಚೂಕ ಎಂಬ ಹಾಳು ಹುಳ ಅಡಗಿರುತ್ತದೆ. ಮಲಗಿದವರ ರಕ್ತ ಹೀರಿ ರೋಗ ಅಂಟಿಸಿ ಹೋಗುತ್ತದೆ. ಫಾಕುಂದೊನಿಗೆ ಚಿಕ್ಕಂದಿನಲ್ಲೇ ಕಚ್ಚಿತ್ತು. ರೋಗ ಅವಸರ ಮಾಡಲಿಲ್ಲ. ಐವತ್ತು ದಾಟಿದ ಮೇಲೆ ಅವನ ದೊಡ್ಡ ಕರುಳನ್ನು ಹಿಗ್ಗಿಸಿ ಹಳೇ ಗೋಣಿಚೀಲ ಮಾಡಿಟ್ಟಿತು. ಹದಿನೈದು ದಿನವಾದರೂ ಹೊಟ್ಟೆ ಖಾಲಿಯಾಗುತ್ತಿರಲಿಲ್ಲ. ಕಾರ್ನಿವಲ್ ಮುಗಿದ ವಾರ ಕರುಳು ತಿರುಚಿಕೊಂಡು, ಆಸ್ಪತ್ರೆಯಲ್ಲಿ ಕೊಳವೆ ಹಾಕಿ ಬಿಡಿಸಿದರು. ಇನ್ನೊಮ್ಮೆ ತಿರುಚಿದರೆ ಉಳಿಯುವುದು ಕಷ್ಟ, ಕೆಟ್ಟ ಭಾಗ ಕೊಯ್ದು ತೆಗೆಯಲೇಬೇಕು ಎಂದರು. ಸರದಿ ಬರಲು ಐದು ತಿಂಗಳು ಹಿಡಿಯಿತು.

ಆಪರೇಷನ್ನಿನ ಹಿಂದಿನ ದಿನ ನರ್ಸ್ ನಿಲ್ದಾ ಎರಡು ಲೀಟರ್ ಭೇದಿಮದ್ದಿನ ಜಗ್ಗು ತಂದಿಟ್ಟಳು. ಮಧ್ಯಾಹ್ನ ಎದುರು ನಿಂತು ಆಂಟಿಬಯಾಟಿಕ್ ಮಾತ್ರೆ ನುಂಗಿಸಿದಳು. ಎರಡೂ ಸೇರಿ ಕೆಲಸ ಮಾಡಬೇಕು, ಕರುಳು ಶುಚಿಯಾಗದಿದ್ದರೆ ನಾಳೆ ಕತ್ತಿ ಮುಟ್ಟುವುದಿಲ್ಲ, ಮನೆಗೆ ಕಳಿಸುತ್ತೇನೆ ಎಂದು ಸರ್ಜನ್ ಹೇಳಿಹೋಗಿದ್ದ.

ಮಾತ್ರೆ ಬಿಸಿ ಜಾತಿಯದು, ಜಗ್ಗಿನದು ತಣ್ಣನೆಯದು. ಬಿಸಿಯ ಮೇಲೆ ತಣ್ಣನೆಯದು ಬಿದ್ದರೆ ಒಳಗೆ ಒಡೆಯುತ್ತದೆಂದು ಆ ಕಣಿವೆಯಲ್ಲಿ ಯಾರಿಗೆ ಗೊತ್ತಿಲ್ಲ? ಫಾಕುಂದೊನ ಅಣ್ಣ ಸಾಬಾಸ್ ಪೆನಿಸಿಲಿನ್ ಚುಚ್ಚಿಸಿಕೊಂಡು ಬಂದವನೇ ಹೊಳೆಯಲ್ಲಿ ಮಿಂದಿದ್ದ. ಮೂರನೇ ದಿನ ಅವನನ್ನು ಹೂತರು. ಫಾಕುಂದೊ ಜಗ್ಗನ್ನು ಮುಟ್ಟಲಿಲ್ಲ, ಮಂಚದ ಕೆಳಗೆ ತಳ್ಳಿದ. ನಿಲ್ದಾ ಬಂದು ಕೇಳಿದಾಗ, ಕುಡಿದೆ, ಮೂರು ಸಲ ಹೋಗಿಯೂ ಬಂದೆ ಎಂದುಬಿಟ್ಟ.

ಹೆಂಡತಿ ಕಸಿಮಿರಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಮೂರು ಸಲವಂತೆ. ಈ ಮುದುಕ ತಿಂಗಳಿಗೆ ಮೂರು ಸಲ ಹೋದ್ರೆ ನಮ್ಮನೇಲಿ ಹಬ್ಬ. ಮಂಚದ ಕೆಳಗೆ ನೋಡು ಮಗಳೇ."

ಬಿಸಿ-ತಣ್ಣನೆಯ ಆ ಭಯ ಅವಳಿಗೂ ಇತ್ತು. ಆದರೆ ಕರುಳು ತಿರುಚಿದ ದಿನ ಅವನು ಅರಚಿದ್ದು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಫಾಕುಂದೊ ಮುಖ ಗಂಟಿಕ್ಕಿದ. "ಸಾಯಿಸೋದಾದ್ರೆ ನಾಳೆ ಕೊಯ್ದು ಸಾಯಿಸಿ ತಾಯಿ. ಇವತ್ತೇ ಒಳಗಿಂದ ಒಡೆಸಬೇಡಿ."

ಓದಿದವರು ಇಂಥ ಕಡೆ ನಗುತ್ತಾರೆ, ಇಲ್ಲವೇ ಗದರುತ್ತಾರೆ. ಎರಡರಿಂದಲೂ ಒಂದು ತೊಟ್ಟು ಮದ್ದು ಗಂಟಲಿಳಿಯುವುದಿಲ್ಲ. ನಿಲ್ದಾ ಮಂಚದಂಚಿಗೆ ಕೂತು ಸಾಬಾಸನ ಕಥೆಯನ್ನು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ದೊನ್ ಫಾಕುಂದೊ, ಹಳೇ ಗೋಡೆಗೆ ಹೊಸ ಮಣ್ಣು ಮೆತ್ತೋಕೆ ಮುಂಚೆ ಏನ್ಮಾಡ್ತೀರಿ?"

"ಕೆರೆದು ತೆಗೀತೀನಿ. ಇಲ್ದಿದ್ರೆ ಹಿಡಿಯಲ್ಲ."

"ಮಾತ್ರೆಯೂ ಹಾಗೇ. ಹೊಟ್ಟೇಲಿ ಕಸ ತುಂಬಿರೋವರೆಗೂ ಅದು ಕಸದ ಜೊತೆ ಗುದ್ದಾಡ್ತಿರುತ್ತೆ. ಕಸ ಹೋದ್ರೆ ಉಳಿದ ಕ್ರಿಮಿನ ಅದು ನೋಡ್ಕೊಳ್ಳುತ್ತೆ."

ಫಾಕುಂದೊ ತಲೆಯಾಡಿಸಿದ. ಅದು ಸರಿ, ಆದರೆ ತಣ್ಣನೆಯದು ತಣ್ಣನೆಯದೇ ಅಲ್ಲವೇ ಎಂದ.

ತಣ್ಣನೆಯದನ್ನು ಬಿಸಿ ಮಾಡಲು ಏನು ಹಾಕುತ್ತೀರಿ ಎಂದು ನಿಲ್ದಾ ಕಸಿಮಿರಾಳ ಕಡೆ ತಿರುಗಿದಳು. ಚಕ್ಕೆ ಎಂದಳು ಕಸಿಮಿರಾ. ನಿಲ್ದಾ ಸರ್ಜನ್ನನ್ನು ಕೇಳಿ ಬಂದಳು: ಚಕ್ಕೆ ಕುದಿಸಿ, ತಿಳಿಯಾಗಿ ಸೋಸಿ, ಉಗುರುಬೆಚ್ಚಗಾದ ಮೇಲೆ ಭೇದಿಮದ್ದಿನ ಪುಡಿ ಕದಡಿದರೆ ಅಡ್ಡಿಯಿಲ್ಲವಂತೆ. ಹೊಸ ಜಗ್ಗು ತಯಾರಾಯಿತು. ಕಸಿಮಿರಾ ಬೆರಳದ್ದಿ ನಾಲಗೆಗಿಟ್ಟು, ಹೂಂ, ಬಿಸಿ ಜಾತಿಗೆ ಬಂತು ಎಂದು ತೀರ್ಪು ಕೊಟ್ಟಳು.

ಮೊದಲ ಲೋಟ ಕುಡಿದು ಅವನು ಹೊಟ್ಟೆ ಹಿಡಿದುಕೊಂಡು ಕಾದ. ಏನೂ ಒಡೆಯಲಿಲ್ಲ. ಐದನೇ ಲೋಟಕ್ಕೆ, ಹಿಂದೆ ಬಿಚ್ಚಿಕೊಂಡಿದ್ದ ಆಸ್ಪತ್ರೆ ಅಂಗಿಯ ಗೊಡವೆಯೇ ಇಲ್ಲದೆ ಕಕ್ಕಸಿಗೆ ಓಡಿದ. ಹೊತ್ತು ಮುಳುಗುವಷ್ಟರಲ್ಲಿ ಬರೀ ನೀರು ಹೋಗುತ್ತಿತ್ತು. ನಿಲ್ದಾ ಬಗ್ಗಿ ನೋಡಿ ಸಾಕು ಎಂದಳು.

ಮರುದಿನ ಕೊಯ್ದರು. ಒಂದು ಮೊಳ ಕರುಳು ಹೋಯಿತು, ಉಳಿದದ್ದನ್ನು ಹೊಲಿದರು. ಇನ್ನು ಗಾಳಿ ಹೋಗಬೇಕು, ಹೊಲಿದ ಕರುಳು ಓಡುತ್ತಿದೆ ಎನ್ನುವುದಕ್ಕೆ ಅದೇ ಗುರುತು ಎಂದ ಸರ್ಜನ್. ಒಂದು ದಿನ ಕಳೆಯಿತು, ಎರಡು ಕಳೆಯಿತು. ಕಸಿಮಿರಾಳ ಹೆಣಿಗೆಯಲ್ಲಿ ಕುಣಿಕೆಗಳು ತಪ್ಪತೊಡಗಿದವು.

ನಾಲ್ಕನೇ ದಿನ ಮಧ್ಯಾಹ್ನ ವಾರ್ಡಿಗೆಲ್ಲ ಕೇಳುವಂತೆ ಗಾಳಿ ಹೋಯಿತು. ಪಕ್ಕದ ಮಂಚದವನು ಮಲಗಿದ್ದಲ್ಲಿಂದಲೇ ಚಪ್ಪಾಳೆ ತಟ್ಟಿದ. ಫಾಕುಂದೊ ನಾಚಿ ಹೊದಿಕೆ ಎಳೆದುಕೊಂಡ. ಕಸಿಮಿರಾಳಿಗೆ ಯಾವ ನಾಚಿಕೆಯೂ ಇರಲಿಲ್ಲ. ಕಣ್ಣೊರೆಸಿಕೊಳ್ಳುತ್ತ, ನಿಲ್ದಾಳನ್ನು ಹುಡುಕಿಕೊಂಡು ಹೊರಟವಳು, ದಾರಿಯಲ್ಲಿ ಸಿಕ್ಕಿದ ನೆಲ ಒರೆಸುವವಳಿಗೂ ಅದನ್ನೇ ಹೇಳಿಕೊಂಡು ಹೋದಳು.